ಸುಯಿದೋಬಾಶಿಯ ಕುಸ್ತಿಮನೆ

ಜಪಾನಿಗೆ ಹೋಗಿ ಬಂದವನನ್ನು ಜನರು ಕೇಳುವ ಪ್ರಶ್ನೆಗಳು ನನಗೀಗ ಬಾಯಿಪಾಠವಾಗಿವೆ. ಫ್ಯೂಜಿ ಪರ್ವತ ಕಂಡಿತೇ? ಆ ವೇಗದ ರೈಲಿನಲ್ಲಿ ಕುಳಿತಿರಾ? ಹಸಿಮೀನಿನ ನಾಡಿನಲ್ಲಿ ಊಟಕ್ಕೇನು ಮಾಡಿದಿರಿ? ಈ ಮೂರಕ್ಕೂ ತಕ್ಕ ಉತ್ತರ ನನ್ನಲ್ಲಿದೆ. ಆದರೆ ‘ಅಲ್ಲಿ ನಿಮ್ಮ ಮನಸ್ಸಿನಲ್ಲಿ ನಿಂತದ್ದು ಯಾವುದು?’ ಎಂದು ಯಾರಾದರೂ ಕೇಳಿದರೆ ತುಸು ಸಂಕೋಚವಾಗುತ್ತದೆ. ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳುವವನು, ವರ್ಷಗಳ ಉಳಿತಾಯವನ್ನು ವಿಮಾನಕ್ಕೆ ಸುರಿದು, ಟೋಕಿಯೋ ನಗರದಲ್ಲಿ ಕುಸ್ತಿ ನೋಡಿ ಬಂದೆನೆಂದು ಹೇಳುವುದು ಹೇಗೆ? ಅದೂ ಸೋಲು ಗೆಲುವುಗಳು ಮೊದಲೇ ನಿಶ್ಚಯವಾಗಿರುವ ಕುಸ್ತಿಯನ್ನು! ಆದರೂ ಸತ್ಯ ಅದೇ ಆದುದರಿಂದ, ಸಂಕೋಚವನ್ನು ಬದಿಗಿರಿಸಿ ಬರೆಯುತ್ತಿದ್ದೇನೆ.

ನನ್ನ ಭಾವಮೈದುನನು ಟೋಕಿಯೋದಲ್ಲಿ ಉದ್ಯೋಗದಲ್ಲಿದ್ದಾನೆ. 2023ರ ಡಿಸೆಂಬರಿನ ಕೊನೆಯ ವಾರದಲ್ಲಿ ನಾನೂ ನನ್ನ ಹೆಂಡತಿಯೂ ಅವನ ಮನೆಗೆ ಹೋದೆವು. ಹೊಸವರ್ಷದ ಮೊದಲ ದಿನವೇ ನೋಟೋ ಪರ್ಯಾಯ ದ್ವೀಪದಲ್ಲಿ ಭಾರಿ ಭೂಕಂಪವಾಯಿತು. ದೂರದರ್ಶನದಲ್ಲಿ ಬಿದ್ದ ಮನೆಗಳನ್ನು ಕಂಡು ನಮಗೆ ಎಲ್ಲಿಗೂ ಹೊರಡುವ ಮನಸ್ಸಿರಲಿಲ್ಲ. ಆದರೆ ಟೋಕಿಯೋದ ಜನ ಮರುದಿನ ಎಂದಿನಂತೆ ದೇವಾಲಯಗಳಿಗೆ ನಡೆದರು; ಅವರೊಡನೆ ನಾವೂ ನಡೆದೆವು. ಆ ಸಂಜೆ ಭಾವಮೈದುನ ಮೆಲ್ಲಗೆ ಮಾತು ತೆಗೆದ.

“ಭಾವ, ನಾಡಿದ್ದು ಟೋಕಿಯೋ ಡೋಮಿನಲ್ಲಿ ವರ್ಷದ ದೊಡ್ಡ ಕುಸ್ತಿ. ಮೂರು ಟಿಕೀಟು ತೆಗೆದಿಟ್ಟಿದ್ದೇನೆ.”

“ಕುಸ್ತಿಯೇ? ಅದೆಲ್ಲ ನಾಟಕವಂತಲ್ಲಪ್ಪ!” ಎಂದೆ.

“ನೀವು ರಾತ್ರಿಯಿಡೀ ಯಕ್ಷಗಾನ ನೋಡುವವರು. ನಾಟಕವೆಂಬುದನ್ನು ಬೈಗುಳದಂತೆ ಹೇಳುತ್ತೀರಲ್ಲ!” ಎಂದು ಅವನು ನಕ್ಕ. ಅಡಿಗೆಮನೆಯಿಂದ ನನ್ನ ಹೆಂಡತಿಯ ನಗೆಯೂ ಕೇಳಿಸಿತು. ನಾನು ಸೋತೆ.

ತೋಟದ ಹೆಸರು

ಮುಖ್ಯ ಆಟದ ಹಿಂದಿನ ದಿನ, ಜನವರಿ 3ರಂದು, ಅವನು ನಮ್ಮನ್ನು ಸುಯಿದೋಬಾಶಿ ಎಂಬ ನಿಲ್ದಾಣದಲ್ಲಿ ಇಳಿಸಿದ. ಸುಯಿದೋಬಾಶಿ ಎಂದರೆ ನೀರ್ಗಾಲುವೆಯ ಸೇತುವೆ. ಟೋಕಿಯೋಕ್ಕೆ ಎದೋ ಎಂಬ ಹೆಸರಿದ್ದ ಕಾಲದಲ್ಲಿ, ಕಂದಾ ನದಿಯ ಮೇಲೆ ಹಾಯಿಸಿದ ಮರದ ಕಾಲುವೆಯೊಂದು ಪಟ್ಟಣಕ್ಕೆ ಕುಡಿಯುವ ನೀರನ್ನು ಒಯ್ಯುತ್ತಿತ್ತಂತೆ. ಈಗ ಆ ಕಾಲುವೆಯಿಲ್ಲ; ಹೆಸರು ಮಾತ್ರ ಉಳಿದಿದೆ. ನಿಲ್ದಾಣದಿಂದ ಹೊರಬಂದರೆ ಎದುರಿಗೇ ಬೃಹತ್ತಾದ ಬಿಳಿಯ ಗುಮ್ಮಟ. ಅದೇ 1988ರಲ್ಲಿ ತೆರೆದ ಟೋಕಿಯೋ ಡೋಮ್. ಅದರ ಮಗ್ಗುಲಲ್ಲಿ ನಾಲ್ಕು ನೂರು ವರ್ಷಗಳಷ್ಟು ಹಳೆಯದಾದ ಒಂದು ಉದ್ಯಾನ. ಇದಕ್ಕಿಂತ ವಿಚಿತ್ರವಾದ ನೆರೆಹೊರೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಉದ್ಯಾನದ ಹೆಸರು ಕೊಯಿಶಿಕಾವಾ ಕೋರಾಕುಯೆನ್. ಮಿತೋ ಮನೆತನದ ತೊಕುಗಾವಾ ಯೊರಿಫುಸಾ ಎಂಬ ಪ್ರಭು ಇದನ್ನು 1629ರಲ್ಲಿ ಆರಂಭಿಸಿದ; ಅವನ ಮಗ ಮಿತ್ಸುಕುನಿ ಮುಗಿಸಿದ. ಹೆಸರಿನ ಹಿಂದೆ ಚೀನಾದ ಹಳೆಯ ನೀತಿಯೊಂದಿದೆ. ಲೋಕಕ್ಕಿಂತ ಮೊದಲು ಚಿಂತೆಪಡಬೇಕಾದವನು, ಲೋಕ ಸುಖಪಟ್ಟ ಬಳಿಕ ಸುಖಪಡಬೇಕಾದವನು ದೊರೆ ಎಂಬುದು ಅದರ ಭಾವ. ಆದ್ದರಿಂದ ಇದು ‘ಆಮೇಲೆ ಸುಖಪಡುವವನ ತೋಟ’. ಚಳಿಗಾಲವಾದ್ದರಿಂದ ಮರಗಳು ಬೋಳಾಗಿದ್ದವು. ಕೆರೆಯ ನೀರಿನಲ್ಲಿ ಡೋಮಿನ ಬಿಳಿಯ ಬೆನ್ನು ಕಾಣುತ್ತಿತ್ತು. ಹೆಸರು ಚೆನ್ನಾಗಿದೆ ಎಂದುಕೊಂಡು ಮುಂದೆ ನಡೆದೆನೇ ಹೊರತು, ಮರುದಿನ ರಾತ್ರಿ ಅದು ನನಗೆ ಮತ್ತೆ ನೆನಪಾದೀತೆಂದು ತಿಳಿದಿರಲಿಲ್ಲ.

ಐದನೆಯ ಅಂತಸ್ತು

ಡೋಮಿನ ಪಕ್ಕದ ಕಟ್ಟಡವೊಂದರ ಐದನೆಯ ಅಂತಸ್ತಿನಲ್ಲಿದೆ ಕೋರಾಕುಯೆನ್ ಹಾಲ್. 1962ರಲ್ಲಿ ತೆರೆದದ್ದು. ಎರಡು ಸಾವಿರ ಜನಕ್ಕೆ ಸಾಲುವಷ್ಟು ಸ್ಥಳ. ನಮ್ಮ ಊರುಗಳ ಪುರಭವನಗಳ ಅಳತೆಯದೇ. ಮುಷ್ಟಿಯುದ್ಧಕ್ಕೂ ಕುಸ್ತಿಗೂ ಜಪಾನಿನಲ್ಲಿ ಇದಕ್ಕಿಂತ ಪೂಜ್ಯವಾದ ಜಾಗವಿಲ್ಲವೆಂದು ಭಾವಮೈದುನ ಹೇಳಿದ. ಮೇಲೇರುವ ಮೆಟ್ಟಿಲುಗಳ ಗೋಡೆಯ ತುಂಬ ಅಭಿಮಾನಿಗಳ ಬರಹ. ಮೆಚ್ಚಿದವರ ಹೆಸರು, ಮೆಚ್ಚದವರಿಗೆ ಬೈಗುಳ, ಇಂಥವನೇ ಗೆಲ್ಲಬೇಕಾಗಿತ್ತೆಂಬ ತೀರ್ಪು, ತೀರ್ಪಿನ ಕೆಳಗೆ ಇನ್ನೊಬ್ಬನ ಆಕ್ಷೇಪ! ಜಪಾನೀಯರು ಇಷ್ಟು ಶಿಸ್ತಿನ ಜನ; ಬೀದಿಯಲ್ಲಿ ಒಂದು ಕಾಗದದ ಚೂರನ್ನೂ ಬಿಸುಡರು. ಅವರ ಒಳಗಿನ ಮಾತೆಲ್ಲ ಈ ಮೆಟ್ಟಿಲುಗಳಲ್ಲಿ ಹೊರಬಿದ್ದಂತಿತ್ತು.

ಹೊಸವರ್ಷದ ಮೊದಲ ದಿನಗಳಲ್ಲಿ ಇಲ್ಲಿ ‘ಆಲ್ ಜಪಾನ್’ ಎಂಬ ಹಳೆಯ ತಂಡದ ಆಟ ನಡೆಯುವುದು ವಾಡಿಕೆ. ಅಂದಿನ ಹಗಲಾಟಕ್ಕೆ ನಮ್ಮ ಜೊತೆಗೆ ಇನ್ನೊಬ್ಬರು ಬಂದರು. ಅವರು ಭಾವಮೈದುನನ ನೆರೆಮನೆಯ ಯಜಮಾನರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಎಪ್ಪತ್ತರ ಆಚೆಯ ವಯಸ್ಸು, ಸಣ್ಣ ಮೈ, ತಲೆಯ ಮೇಲೆ ಉಣ್ಣೆಯ ಟೋಪಿ. ಪರಸ್ಪರ ಬಾಗಿ ನಮಸ್ಕರಿಸುವುದರಲ್ಲೇ ನಮಗೆ ಐದು ನಿಮಿಷ ಹಿಡಿಯಿತು.

ಆಟ ಆರಂಭವಾಯಿತು. ಜಟ್ಟಿಯ ಹೆಸರನ್ನು ಕೂಗಿದೊಡನೆ ನಾಲ್ಕೂ ಕಡೆಯಿಂದ ಬಣ್ಣಬಣ್ಣದ ಕಾಗದದ ಸುರುಳಿಗಳು ಅಖಾಡದ ಮೇಲೆ ಹಾರಿ ಬಿದ್ದವು. ಸುರುಳಿಯ ನಡುವಿನ ಗಟ್ಟಿ ಕೊಳವೆಯನ್ನು ಅಭಿಮಾನಿಗಳು ಮೊದಲೇ ತೆಗೆದಿಟ್ಟಿರುತ್ತಾರಂತೆ, ತಾಗಿದರೆ ನೋವಾಗದಿರಲೆಂದು. ಹುರಿಯಾಳಿನ ಮೇಲೆ ಬೀಳುವ ಕಾಗದದ ಬಗೆಗೆ ಇಷ್ಟು ಎಚ್ಚರ. ಆಮೇಲೆ ಅದೇ ಹುರಿಯಾಳು ಎದುರಾಳಿಯ ಎದೆಗೆ ಅಂಗೈಯಿಂದ ಬಾರಿಸಿದ ಸದ್ದು ಹಿಂಬದಿಯ ಗೋಡೆಗೆ ತಾಗಿ ಹಿಂದಿರುಗಿತು! ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. “ಇದು ನಾಟಕವಾದರೆ ಆ ಎದೆ ಕೆಂಪಾದದ್ದೇಕೆ?” ಎಂದು ನನ್ನನ್ನು ಕೇಳಿದಳು.

ಉತ್ತರವನ್ನು ಯಜಮಾನರು ಕೊಟ್ಟರು. ಭಾವಮೈದುನ ಕನ್ನಡಕ್ಕೆ ತಂದ. ಯಾರು ಗೆಲ್ಲಬೇಕೆಂಬುದು ಗೊತ್ತಾಗಿರುತ್ತದೆ. ಆದರೆ ನೆಲ ನೆಲವೇ, ಬಿದ್ದ ಬೆನ್ನು ಬೆನ್ನೇ. ಮಿತ್ಸುಹರು ಮಿಸಾವಾ ಎಂಬ ಮಹಾ ಜಟ್ಟಿ 2009ರ ಜೂನ್ 13ರಂದು ಹಿರೋಷಿಮಾದಲ್ಲಿ, ಇಂಥದೇ ಅಖಾಡದಲ್ಲಿ, ಬೆನ್ನಮೇಲೆ ಬಿದ್ದವನು ಮತ್ತೆ ಏಳಲಿಲ್ಲ. ಅಂದೇ ತೀರಿಕೊಂಡ. ಕಟ್ಸುಯೊರಿ ಶಿಬಾತಾ ಎಂಬವನು 2017ರಲ್ಲಿ ಆಟ ಮುಗಿಸಿ ಹೊರಬಂದ ಮೇಲೆ ತಲೆಯೊಳಗಿನ ರಕ್ತಸ್ರಾವದಿಂದ ಕುಸಿದ, ಬದುಕಿದ್ದೇ ಹೆಚ್ಚು. ಇಷ್ಟು ಹೇಳಿ ಯಜಮಾನರು ಸುಮ್ಮನಾದರು. ನಾನೂ ‘ನಾಟಕ’ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಜೋಡಿ ಕಟ್ಟುವವರು

ನಮ್ಮ ಮೈಸೂರಿನ ದಸರಾ ಕುಸ್ತಿಗೆ ಮೊದಲು ‘ಜೋಡಿ ಕಟ್ಟುವ’ ದಿನವೊಂದಿದೆಯಷ್ಟೆ. ಯಾರಿಗೆ ಯಾರು ಸಮ ಎಂಬುದನ್ನು ಹಿರಿಯರು ಕುಳಿತು ನಿರ್ಧರಿಸುತ್ತಾರೆ. ಜಪಾನಿನ ಈ ಆಟದಲ್ಲಿ ಜೋಡಿ ಕಟ್ಟುವವರ ಕೆಲಸ ಇನ್ನೂ ದೊಡ್ಡದು. ಜೋಡಿಯನ್ನು ಮಾತ್ರವಲ್ಲ, ಜಯವನ್ನೂ ದ್ವೇಷವನ್ನೂ ಸ್ನೇಹವನ್ನೂ ವರ್ಷಗಟ್ಟಲೆ ಮೊದಲೇ ಕಟ್ಟಬೇಕು. ಇದಕ್ಕೆ ‘ಬುಕಿಂಗ್’ ಎನ್ನುತ್ತಾರೆ. ಅಭಿಮಾನಿಗಳ ಜಗಳವೆಲ್ಲ ಇದರ ಮೇಲೆಯೇ. ಜಟ್ಟಿ ಸೋತನೆಂದು ಅವರಿಗೆ ಅಷ್ಟು ದುಃಖವಿಲ್ಲ. ಸೋಲಿಸಬಾರದ ಹೊತ್ತಿನಲ್ಲಿ ಸೋಲಿಸಿದರೆಂದು ಕೋಪ.

ಈ ಕೋಪಕ್ಕೆ ಒಂದು ಇತಿಹಾಸವೇ ಇದೆ. ಯುದ್ಧದಲ್ಲಿ ಸೋತು ಸೊರಗಿದ್ದ ಜಪಾನಿಗೆ ಈ ಕುಸ್ತಿಯ ಹುಚ್ಚು ಹಿಡಿಸಿದವನು ರಿಕಿದೋಜಾನ್. 1954ರ ಫೆಬ್ರವರಿಯಲ್ಲಿ ಅವನು ಷಾರ್ಪ್ ಸೋದರರೆಂಬ ಪರದೇಶದ ದೈತ್ಯರೊಡನೆ ಸೆಣಸಿದಾಗ, ಮನೆಯಲ್ಲಿ ದೂರದರ್ಶನವಿಲ್ಲದ ಜನ ಬೀದಿಗಳಲ್ಲಿ ನಿಲ್ಲಿಸಿದ್ದ ಪೆಟ್ಟಿಗೆಗಳ ಮುಂದೆ ಸಾವಿರಗಟ್ಟಲೆ ನೆರೆದರು. ದೇಶದ ಮಾನವನ್ನು ಎತ್ತಿ ನಿಲ್ಲಿಸಿದ ಆ ಜಪಾನೀ ವೀರ ಹುಟ್ಟಿದ್ದು ಕೊರಿಯಾದಲ್ಲಿ! ಆ ಸಂಗತಿಯನ್ನು ಅವನ ಜೀವಮಾನದಲ್ಲಿ ಬಹುಮಂದಿಗೆ ತಿಳಿಯಗೊಡಲಿಲ್ಲ. ನಮ್ಮ ಹಿರಿಯರು ದಾರಾಸಿಂಗನ ಎದುರಾಳಿಯಾಗಿ ಬಲ್ಲ ಕಿಂಗ್‌ಕಾಂಗ್ ಇದ್ದನಲ್ಲ, ಅವನೂ 1955ರಲ್ಲಿ ಟೋಕಿಯೋಕ್ಕೆ ಹೋಗಿ ರಿಕಿದೋಜಾನನಿಗೆ ಸೋತವನೇ. 1963ರ ಡಿಸೆಂಬರಿನಲ್ಲಿ ರಾತ್ರಿಕೂಟವೊಂದರಲ್ಲಿ ಚೂರಿಯ ಇರಿತಕ್ಕೊಳಗಾಗಿ, ಒಂದು ವಾರದಲ್ಲಿ ರಿಕಿದೋಜಾನ್ ತೀರಿಕೊಂಡ. ಅವನ ಶಿಷ್ಯರಾದ ಇನೋಕಿ ‘ನ್ಯೂ ಜಪಾನ್’ ತಂಡವನ್ನೂ ಬಾಬಾ ‘ಆಲ್ ಜಪಾನ್’ ತಂಡವನ್ನೂ 1972ರಲ್ಲಿ ಕಟ್ಟಿದರು.

ಇನೋಕಿಯ ಕಾಲದಲ್ಲಿ ಪ್ರೇಕ್ಷಕರು ದೊಂಬಿಯೆದ್ದದ್ದೂ ಉಂಟು. 1984ರ ಜೂನಿನಲ್ಲಿ, ಮೂರನೆಯವನೊಬ್ಬ ನಡುವೆ ನುಗ್ಗಿ ಮುಖ್ಯ ಕಾಳಗವನ್ನು ಕೆಡಿಸಿದನೆಂದು. 1987ರ ಡಿಸೆಂಬರಿನಲ್ಲಿ, ಹೇಳಿದ ಜೋಡಿಯನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿದರೆಂದು. ಆ ಡಿಸೆಂಬರಿನ ಸಲ ಸುಮೋ ಅರಮನೆಯ ಆಸನಗಳೇ ಹಾಳಾಗಿ, ಸುಮೋ ಸಂಘದವರು ಈ ತಂಡಕ್ಕೆ 1989ರವರೆಗೆ ಬಾಗಿಲು ಮುಚ್ಚಿಬಿಟ್ಟರು. “ಆ ದಿನ ನಾನೂ ಅಲ್ಲಿದ್ದೆ. ನನ್ನ ಕೈಯಲ್ಲಿದ್ದ ಚಾಪೆದಿಂಬನ್ನು ಎಸೆದೆ” ಎಂದರು ಯಜಮಾನರು, ಮಕ್ಕಳಂತೆ ನಾಚಿಕೊಂಡು. ಮರುಗಳಿಗೆ ಗಂಭೀರರಾಗಿ, “ಆದರೆ ನಾನು ಮಾಡಿದ ದೊಡ್ಡ ತಪ್ಪು ಅದಲ್ಲ” ಎಂದರು.

ಒಂದು ಮತದಾನ

ಆಟ ಮುಗಿದ ಮೇಲೆ ರೈಲುಹಳಿಯ ಸಮೀಪದ ಸಣ್ಣ ಉಪಾಹಾರಗೃಹವೊಂದಕ್ಕೆ ಹೋದೆವು. ಅಲ್ಲಿದ್ದವರೆಲ್ಲ ಕುಸ್ತಿ ನೋಡಿ ಬಂದವರೇ. ಎಲ್ಲರ ಬಾಯಲ್ಲೂ ಮರುದಿನದ ಮಾತು, ಎಲ್ಲರ ಬಾಯಲ್ಲೂ ಒಂದೇ ಹೆಸರು: ತೆತ್ಸುಯಾ ನೈತೋ. ಅವನ ಕಥೆಯನ್ನು ಯಜಮಾನರು ಹೇಳಿದಂತೆ ಇಲ್ಲಿ ಸಂಗ್ರಹಿಸುತ್ತೇನೆ.

ನೈತೋ ಟೋಕಿಯೋದವನೇ. ಬಾಲ್ಯದಿಂದ ನ್ಯೂ ಜಪಾನ್ ತಂಡದ ಅಭಿಮಾನಿ; ನಮ್ಮಂತೆಯೇ ಟಿಕೀಟು ಕೊಂಡು ಕುಳಿತು ನೋಡಿದವನು. 2006ರಲ್ಲಿ ತಾನೇ ಅಖಾಡಕ್ಕಿಳಿದ. ಚೆಲುವ, ಚುರುಕು, ಹಿರೋಷಿ ತನಹಾಷಿ ಎಂಬ ಜನಪ್ರಿಯ ನಾಯಕನ ದಾರಿಯಲ್ಲೇ ಬೆಳೆದವನು. ಮೊಣಕಾಲಿನ ಗಾಯದಿಂದ ಬಹುಕಾಲ ಮಲಗಿದ್ದು, ಎದ್ದು ಬಂದು, 2013ರ ಆಗಸ್ಟಿನಲ್ಲಿ ‘ಜಿ-ಒನ್’ ಎಂಬ ಬೇಸಗೆಯ ದೊಡ್ಡ ಸ್ಪರ್ಧೆಯನ್ನು ಗೆದ್ದ. ಆಗ ಅದನ್ನು ಗೆದ್ದವನಿಗೆ ಜನವರಿ 4ರಂದು ಟೋಕಿಯೋ ಡೋಮಿನ ಕೊನೆಯ ಕಾಳಗ ಮೀಸಲಾಗಿತ್ತು. ವರ್ಷಕ್ಕೊಂದೇ ದಿನ ಬರುವ ಆ ಸ್ಥಾನವೆಂದರೆ ನಮ್ಮ ಮೇಳಗಳಲ್ಲಿ ಬೆಳಗಿನ ಜಾವದ ಪ್ರಸಂಗದ ನಾಯಕವೇಷವಿದ್ದಂತೆ.

ಆದರೆ ಜನಕ್ಕೆ ಅವನು ಹಿಡಿಸಲಿಲ್ಲ. ಅಷ್ಟು ಬೇಗ ಅಷ್ಟು ಮೇಲಕ್ಕೆ ಏರಿಸಿದರೆಂಬ ಅಸಮಾಧಾನ. ತನಹಾಷಿಯ ಪಡಿಯಚ್ಚೆಂಬ ಟೀಕೆ. ಅವನು ಬಂದಲ್ಲೆಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಓಸಾಕಾ ನಗರದಲ್ಲಿ, ಜನ ‘ಬೂ’ ಎಂದು ಕೂಗಿದರು. ಜೋಡಿ ಕಟ್ಟುವವರು ಹೆದರಿ, ಹಿಂದೆಂದೂ ಮಾಡದಿದ್ದ ಕೆಲಸ ಮಾಡಿದರು: ಡೋಮಿನ ಕೊನೆಯ ಕಾಳಗ ಯಾವುದಿರಬೇಕೆಂದು ಅಭಿಮಾನಿಗಳಿಂದ ಮತ ಕೇಳಿದರು. ಒಂದು ಕಡೆ ಅತ್ಯುಚ್ಚ ಪದವಿಗಾಗಿ ನೈತೋ ಮತ್ತು ಕಝುಚಿಕಾ ಒಕಾದಾ. ಇನ್ನೊಂದು ಕಡೆ ಅದಕ್ಕಿಂತ ಕೆಳಗಿನ ‘ಇಂಟರ್‌ಕಾಂಟಿನೆಂಟಲ್’ ಪಟ್ಟಿಗಾಗಿ ನಕಮುರಾ ಮತ್ತು ತನಹಾಷಿ. ಜನ ಬಹಳ ದೊಡ್ಡ ಅಂತರದಿಂದ ಎರಡನೆಯದನ್ನು ಆರಿಸಿದರು. 2014ರ ಜನವರಿ 4ರಂದು ನೈತೋ ಕೊನೆಯದಕ್ಕೆ ಮುಂಚಿನ ಕಾಳಗದಲ್ಲಿ ಸೆಣಸಿ, ಸೋತು, ಒಳಗೆ ಹೋದ. ‘ನೀನು ಬೇಡ’ ಎಂದು ಸಾವಿರಾರು ಜನ ಎಣಿಸಿ ಹೇಳಿದ ಮೇಲೆ ಮನುಷ್ಯನು ಅಖಾಡಕ್ಕೆ ನಡೆದು ಬರುವುದು ಹೇಗಿದ್ದೀತು?

“ಅವರಲ್ಲಿ ನಾನೊಬ್ಬ” ಎಂದರು ಯಜಮಾನರು. “ಮೊಬೈಲ್ ಫೋನಿನಲ್ಲಿ ಒಂದು ಗುಂಡಿ ಒತ್ತಿದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಆಮೇಲೆ ಡೋಮಿನಲ್ಲಿ ಅವನ ಮುಖ ನೋಡಿದೆ. ನನ್ನ ಮಗನ ವಯಸ್ಸು.”

ನಾನು ಮಾತಾಡಲಿಲ್ಲ. ನನಗೆ ಬೇರೊಂದು ಮುಖ ನೆನಪಾಗಿತ್ತು. ನಾನು ಬಿ.ಎ. ಓದುತ್ತಿದ್ದಾಗ, ಊರ ಗದ್ದೆಯಲ್ಲಿ ಡೇರೆ ಹಾಕಿದ್ದ ಮೇಳವೊಂದರ ಆಟಕ್ಕೆ ಗೆಳೆಯರು ಐದಾರು ಮಂದಿ ಹೋಗಿದ್ದೆವು. ಹಿರಿಯ ಕಲಾವಿದರೊಬ್ಬರ ಬದಲಿಗೆ ಹೊಸ ಹುಡುಗನೊಬ್ಬ ಬಭ್ರುವಾಹನನಾಗಿ ಬಂದ. ನಮಗೆ ಬೇಕಾದವರು ಬರಲಿಲ್ಲವೆಂಬ ಸಿಟ್ಟಿಗೆ ನಾವು ಹಿಂದಿನಿಂದ ಶಿಳ್ಳೆ ಹಾಕಿದೆವು. ಅವನ ಮಾತನ್ನು ಅಣಕಿಸಿದೆವು. ಅಣಕಿಸುವುದರಲ್ಲಿ ಮುಂದಾಳು ನಾನೇ. ಹುಡುಗ ತಡವರಿಸಿದ, ಅರ್ಥ ಮರೆತ. ಭಾಗವತರು ಪದವೆತ್ತಿ ಅವನನ್ನು ಒಳಗೆ ಕಳಿಸಿಕೊಟ್ಟರು. ಮರುವರ್ಷ ಮೇಳದಲ್ಲಿ ಅವನಿರಲಿಲ್ಲ. ಎಲ್ಲಿಗೆ ಹೋದನೆಂದು ನಾವು ವಿಚಾರಿಸಲೂ ಇಲ್ಲ. ರಸವಿಮರ್ಶೆಯನ್ನು ಕುರಿತು ನಾನು ತರಗತಿಯಲ್ಲಿ ಎಷ್ಟೋ ಸಲ ಉಪನ್ಯಾಸ ಮಾಡಿದ್ದೇನೆ. ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಅಂದು ಆ ಉಪಾಹಾರಗೃಹದಲ್ಲಿ, ನನ್ನ ಭಾಷೆಯರಿಯದ ಯಜಮಾನರಿಗೆ ಹೇಳಿದೆ. ಭಾವಮೈದುನ ಅದನ್ನು ಜಪಾನಿಗೆ ತಿರುಗಿಸುವಾಗ ನನ್ನ ಮುಖ ನೋಡಲಿಲ್ಲ. ಯಜಮಾನರು ನನ್ನ ಬಟ್ಟಲಿಗೆ ಚಹಾ ಬಗ್ಗಿಸಿದರು. ಅಷ್ಟೆ.

ನೈತೋವಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ಅವನು ಮೆಕ್ಸಿಕೋ ದೇಶಕ್ಕೆ ಹೋದ. ಅಲ್ಲಿ ‘ಲಾಸ್ ಇಂಗೊಬೆರ್ನಾಬ್ಲೆಸ್’, ಅಂದರೆ ಹದ್ದಿಗೆ ಒಳಪಡದವರು, ಎಂಬ ಗುಂಪೊಂದಿತ್ತು. ಅದರ ಜಟ್ಟಿಗಳೂ ಜನರಿಂದ ‘ಬೂ’ ಎನ್ನಿಸಿಕೊಂಡವರೇ. ‘ಕೂಗುವುದಾದರೆ ಕೂಗಿ’ ಎಂದು ನಗುತ್ತ ನಿಂತವರು. ಆ ಧೈರ್ಯವನ್ನು ಕಲಿತು ನೈತೋ ತಾಯ್ನಾಡಿಗೆ ಮರಳಿದ. ಈಗ ಅವನು ಅಖಾಡಕ್ಕೆ ಓಡಿ ಬರಲಿಲ್ಲ. ಬಿಳಿಯ ಸೂಟು ತೊಟ್ಟು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ನಡೆದ. ‘ತ್ರಾಂಕೀಲೋ’ ಎಂದ, ಅವಸರವೇಕೆ ಎಂದು ಅದರರ್ಥ. ಮೆಚ್ಚಿಸಲು ಹೆಣಗುತ್ತಿದ್ದಾಗ ಮೆಚ್ಚದ ಜನ, ಮೆಚ್ಚುಗೆಯ ಹಂಗು ತೊರೆದೊಡನೆ ಅವನಿಗೆ ಮರುಳಾದರು! ಅಂಗಡಿಗಳಲ್ಲಿ ಅವನ ಗುಂಪಿನ ಕಪ್ಪು ಅಂಗಿ ಎಲ್ಲೆಲ್ಲೂ ಕಾಣಿಸಿತು. 2016ರ ಏಪ್ರಿಲ್ 10ರಂದು ಒಕಾದಾನನ್ನು ಸೋಲಿಸಿ ಅತ್ಯುಚ್ಚ ಪಟ್ಟಿ ಗೆದ್ದ. ಅದೇ ವರ್ಷ ಇಂಟರ್‌ಕಾಂಟಿನೆಂಟಲ್ ಪಟ್ಟಿಯನ್ನೂ ಗೆದ್ದು, ಅದನ್ನು ಕಂಬಕ್ಕೂ ಮೆಟ್ಟಿಲಿಗೂ ಬಡಿದು ಜಜ್ಜಿದ. ತನ್ನ ಸ್ಥಾನವನ್ನು ಕಸಿದುಕೊಂಡದ್ದು ಅದೇ ಪಟ್ಟಿಯಲ್ಲವೇ? ಜನ ಚಪ್ಪಾಳೆ ತಟ್ಟಿದರು. ನಿಜವಾಗಿ ಅವನು ಬಡಿಯುತ್ತಿದ್ದದ್ದು ತಮ್ಮ ಮತವನ್ನೇ ಎಂದು ಅವರಿಗೂ ಗೊತ್ತಿತ್ತು.

ಆದರೂ ಡೋಮಿನ ಸುಖ ಅವನಿಗೆ ಒಲಿಯಲಿಲ್ಲ. 2018ರ ಜನವರಿ 4ರಂದು ಕೊನೆಯ ಕಾಳಗಕ್ಕೆ ಬಂದ, ಒಕಾದಾನಿಗೆ ಸೋತ. ಆ ತೀರ್ಮಾನ ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ. 2020ರ ಜನವರಿ 5ರಂದು ಎರಡೂ ಪಟ್ಟಿಗಳನ್ನು ಒಟ್ಟಿಗೆ ಗೆದ್ದ. ಗೆದ್ದ ಬಳಿಕ ಗುಂಪಿನವರ ಹೆಸರುಗಳನ್ನು ಕೂಗಿ, ಜನರೊಡನೆ ದನಿಗೂಡಿಸಿ ಮುಗಿಸುವುದು ಅವನ ಪದ್ಧತಿ. ಆ ಕೂಗಿಗೆ ಬಾಯಿ ತೆರೆಯುವ ಹೊತ್ತಿಗೆ ಕೆಂಟಾ ಎಂಬ ಖಳನು ಹಿಂದಿನಿಂದ ಬಂದು ಅವನನ್ನು ಕೆಡವಿ, ಮೈಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತುಬಿಟ್ಟ! ಜೋಡಿ ಕಟ್ಟುವವರನ್ನು ಜನ ಅಂದು ಶಪಿಸಿದಷ್ಟು ಎಂದೂ ಶಪಿಸಿರಲಾರರು. ಅದರ ಬೆನ್ನಿಗೇ ಸಾಂಕ್ರಾಮಿಕ ಬಂತು. ಎರಡು ವರ್ಷಕ್ಕೂ ಮಿಕ್ಕಿ ಪ್ರೇಕ್ಷಕರು ಬಾಯಿ ತೆರೆಯುವಂತಿರಲಿಲ್ಲ, ಚಪ್ಪಾಳೆ ಮಾತ್ರ. ಕೂಗಬೇಕೆಂದರೆ ಕೂಗುವ ಹಾಗಿಲ್ಲ.

ಇಷ್ಟಾಗಿ, 2023ರ ಬೇಸಗೆಯಲ್ಲಿ ನೈತೋ ಮತ್ತೆ ಜಿ-ಒನ್ ಗೆದ್ದಿದ್ದ. ಮರುದಿನ ಅವನ ಎದುರಾಳಿ ಸನಾದಾ. ಮೊನ್ನೆಮೊನ್ನೆಯವರೆಗೆ ಅವನದೇ ಗುಂಪಿನಲ್ಲಿದ್ದು, ಬಿಟ್ಟು ಹೋಗಿ, ಪಟ್ಟವೇರಿದವನು. ಪಕ್ಕದ ಮೇಜಿನ ತರುಣನೊಬ್ಬ ನಮ್ಮ ಮಾತಿಗೆ ಸೇರಿಕೊಂಡ. ನೈತೋವಿಗೆ ನಲವತ್ತೊಂದಾಯಿತು, ಮೊಣಕಾಲು ಸೋತಿದೆ, ಕಣ್ಣಿಗೂ ಶಸ್ತ್ರಚಿಕಿತ್ಸೆಯಾಗಿದೆ. ಹೊಸಬರಿಗೆ ದಾರಿ ಬಿಡಬೇಕೆಂದು ಅವನ ಮತ. ಅವನ ಜೊತೆಗಿದ್ದ ಹುಡುಗಿಯ ಮತವೇ ಬೇರೆ: ಹತ್ತು ವರ್ಷದ ಸಾಲ, ತೀರಿಸಲೇಬೇಕು. ಉಪಾಹಾರಗೃಹದ ಒಡೆಯ ಮೂರನೆಯ ಮತ ಕೊಟ್ಟ: ನೈತೋ ಗೆಲ್ಲದಿದ್ದುದರಿಂದಲೇ ನೈತೋ ಆದ, ಗೆದ್ದರೆ ಕಥೆ ಸತ್ತುಹೋಗುತ್ತದೆ. ನನಗೆ ರನ್ನನ ದುರ್ಯೋಧನ ನೆನಪಾದ. ತೊಡೆ ಮುರಿಯುವುದು ಖಂಡಿತವೆಂದು ಗದಾಯುದ್ಧದ ಓದುಗನಿಗೆ ಮೊದಲೇ ಗೊತ್ತು. ಆದರೂ ವೈಶಂಪಾಯನ ಸರೋವರದಿಂದ ಅವನು ಎದ್ದು ಬರುವಾಗ ನಮ್ಮ ಎದೆ ಅವನ ಕಡೆಗೇ ವಾಲುವುದಿಲ್ಲವೇ? ಗೊತ್ತಿರುವುದರಿಂದ ಕುತೂಹಲ ಕುಗ್ಗುವುದಿಲ್ಲ. ಬದಲಾಗಿ ಹೊಣೆ ಹೆಚ್ಚುತ್ತದೆ. ಇದನ್ನು ಹೇಳಿದಾಗ ಮೂವರೂ ತಲೆದೂಗಿದರು. ಆಮೇಲೆ ಮೊದಲಿನಂತೆ ಜಗಳಕ್ಕೆ ತೊಡಗಿದರು.

ಡೋಮಿನೊಳಗೆ

ಜನವರಿ 4ರ ಸಂಜೆ. ಡೋಮಿನ ಛಾವಣಿಗೆ ಕಂಬಗಳಿಲ್ಲ. ಒಳಗಿನ ಗಾಳಿಯ ಒತ್ತಡವೇ ಅದನ್ನು ಎತ್ತಿ ಹಿಡಿದಿದೆ. ಆದ್ದರಿಂದ ತಿರುಗುವ ಬಾಗಿಲುಗಳ ಮೂಲಕವೇ ಒಳಹೋಗಬೇಕು. ಅಂದು ನೆರೆದವರು ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು. ನಮ್ಮ ಆಸನದಿಂದ ಅಖಾಡ ಒಂದು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ತನಹಾಷಿ ಬಂದ, ಈಗ ಅವನು ತಂಡದ ಅಧ್ಯಕ್ಷನೂ ಹೌದು. ಒಕಾದಾ ಬಂದ, ಅಮೆರಿಕದ ಬ್ರಯಾನ್ ಡೇನಿಯಲ್ಸನನನ್ನು ಗೆದ್ದ. ಅವೆಲ್ಲವನ್ನೂ ವರ್ಣಿಸಲು ಇಲ್ಲಿ ಸ್ಥಳವಿಲ್ಲ.

ಕೊನೆಯದಾಗಿ ನೈತೋ ಬಂದ. ನಿಧಾನವಾಗಿ, ಬಹಳ ನಿಧಾನವಾಗಿ. ಯಜಮಾನರು ತಮ್ಮ ಉಣ್ಣೆಯ ಟೋಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಕಾಳಗ ಮೊದಲು ಸಾವಕಾಶವಾಗಿ ನಡೆಯಿತು. ಅವನ ಕಾಲು ಹಿಂದಿನಂತಿಲ್ಲವೆಂಬುದು ನನ್ನಂಥ ಅನನುಭವಿಗೂ ಕಾಣುತ್ತಿತ್ತು. ಪ್ರತಿ ಸಲ ಸನಾದಾ ಅವನನ್ನು ಕೆಡವಿ ಒತ್ತಿ ಹಿಡಿದಾಗಲೂ ರೆಫರಿಯ ಕೈ ಎರಡು ಸಲ ನೆಲಕ್ಕೆ ತಟ್ಟುತ್ತಿತ್ತು. ಮೂರನೆಯದಕ್ಕೆ ಕೂದಲೆಳೆಯಷ್ಟು ಮುಂಚೆ ನೈತೋ ಭುಜವೆತ್ತುತ್ತಿದ್ದ. ಆಗೆಲ್ಲ ಸಾವಿರಾರು ಉಸಿರುಗಳು ಒಟ್ಟಿಗೆ ಹೊರಬಿದ್ದ ಸದ್ದು. ‘ನಾಟಕ’ ಎಂದಿದ್ದ ನಾನು ಯಾವಾಗಲೋ ಎದ್ದು ನಿಂತಿದ್ದೆ. ಹೆಂಡತಿ ನನ್ನ ಕೋಟಿನ ತುದಿ ಹಿಡಿದು ಎಳೆದು ಕೂರಿಸಿದಳು.

ಕಡೆಗೆ ಮೂರನೆಯ ತಟ್ಟು ಸನಾದಾನ ಪಾಲಿಗೆ ಬಿತ್ತು. ನೈತೋ ಗೆದ್ದ.

ಆದರೆ ಜನ ಪೂರ್ತಿ ನಗಲಿಲ್ಲ; 2020 ಅವರಿಗೆ ನೆನಪಿತ್ತು. ಅಂಜಿದಂತೆಯೇ ಈವಿಲ್ ಎಂಬವನು, ಅವನೂ ಹಿಂದೆ ಇದೇ ಗುಂಪಿನಲ್ಲಿದ್ದವನು, ತನ್ನವರೊಡನೆ ನುಗ್ಗಿ ನೈತೋವಿನ ಮೇಲೆ ಬಿದ್ದ. ಡೋಮಿನ ತುಂಬ ಒಂದು ನರಳಿಕೆ. “ಮತ್ತೆಯೇ?” ಎಂದರು ಯಜಮಾನರು. ಆಗ ಈಗಷ್ಟೇ ಸೋತು ಬಿದ್ದಿದ್ದ ಸನಾದಾ ಎದ್ದುಬಂದು ದುಷ್ಟರನ್ನು ಓಡಿಸಿದ. ಹಳೆಯ ಒಡೆಯನ ಕಡೆಗೆ ಒಂದು ಸಲ ನೋಡಿ ಹೊರನಡೆದ.

ನೈತೋ ಧ್ವನಿವರ್ಧಕವನ್ನು ಕೈಗೆತ್ತಿಕೊಂಡ. ಗುಂಪಿನವರ ಹೆಸರುಗಳನ್ನು ಒಂದೊಂದಾಗಿ ಕೂಗಿದ. ಕಡೆಯಲ್ಲಿ ತನ್ನ ಹೆಸರು. ಆಮೇಲೆ ಗುಂಪಿನ ಹೆಸರಿನ ಕೊನೆಯ ಮೂರು ಕೂಗು: “ದೇ! ಹಾ! ಪೋನ್!” ಆ ಮೂರನ್ನೂ ಅವನೊಡನೆ ಡೋಮೇ ಕೂಗಿತು. ಹತ್ತು ವರ್ಷದ ಹಿಂದೆ ಬೇಡವೆಂದ ಬಾಯಿಗಳೂ ಅದರಲ್ಲಿದ್ದವು. ಯಜಮಾನರ ದನಿ ಒಡೆದು ಹೋಗಿತ್ತು, ಆದರೂ ಕೂಗಿದರು. ಕೂಗಿ ಮುಗಿಸಿ, ಟೋಪಿಯಿಂದಲೇ ಕಣ್ಣೊರೆಸಿಕೊಂಡರು.

ಹೊರಡುವಾಗ ಬಾಗಿಲುಗಳಲ್ಲಿ ಒಳಗಿನ ಗಾಳಿ ನಮ್ಮನ್ನು ಬೆನ್ನಿನಿಂದ ನೂಕಿ ಬೀದಿಗೆ ಹಾಕಿತು. ಯಜಮಾನರು ಎಡವಿದರು, ನಾನು ಕೈ ಹಿಡಿದೆ. ಕತ್ತಲೆಯಲ್ಲಿ ಹಳೆಯ ಉದ್ಯಾನದ ಮರಗಳು ಕಾಣುತ್ತಿದ್ದವು. “ಆಮೇಲೆ ಸುಖಪಡುವವನ ತೋಟ” ಎಂದೆ ಕನ್ನಡದಲ್ಲಿ. ಭಾವಮೈದುನ ಅನುವಾದಿಸಿದ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, “ಅವನಿಗೆ ಆಮೇಲೆ ಎಂಬುದೊಂದು ಸಿಕ್ಕಿತು. ನಮ್ಮ ಪುಣ್ಯ” ಎಂದರು. ನನ್ನ ಬಭ್ರುವಾಹನನ ಮಾತನ್ನು ಅವರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

2025ರ ಮೇ ತಿಂಗಳಲ್ಲಿ ನೈತೋ ಆ ತಂಡವನ್ನೇ ಬಿಟ್ಟು ಹೋದನೆಂದು ಭಾವಮೈದುನ ತಿಳಿಸಿದ. ಅವನ ಗುಂಪೂ ಚದುರಿತಂತೆ. ಹೋದದ್ದು ಸರಿಯೇ ತಪ್ಪೇ ಎಂದು ಸುಯಿದೋಬಾಶಿಯ ಆ ಉಪಾಹಾರಗೃಹದಲ್ಲಿ ಈಗಲೂ ಜಗಳವಾಡುತ್ತಿರಬಹುದು.

ಕಳೆದ ತಿರುಗಾಟದಲ್ಲಿ ನಮ್ಮೂರಿಗೆ ಮೇಳ ಬಂದಾಗ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಹೊಸ ವೇಷಧಾರಿಯೊಬ್ಬ ಪ್ರವೇಶದಲ್ಲೇ ಹೆಜ್ಜೆ ತಪ್ಪಿದ. ಹಿಂದಿನಿಂದ ಹುಡುಗರ ಶಿಳ್ಳೆ ಕೇಳಿಸಿತು. ಎದ್ದು ನಿಂತು ಅವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ; ಆ ಶಿಳ್ಳೆಯ ಪರಿಚಯ ನನಗೆ ಚೆನ್ನಾಗಿತ್ತು. ಆಟ ಮುಗಿದ ಮೇಲೆ ಚೌಕಿಗೆ ಹೋಗಿ, ಬಣ್ಣ ಒರೆಸುತ್ತಿದ್ದ ಆ ಹುಡುಗನ ಬಳಿ ಕುಳಿತೆ. ಅವನ ಊರು, ಅವನಿಗೆ ಕಲಿಸಿದ ಗುರುಗಳ ಹೆಸರು, ಎಲ್ಲ ಕೇಳಿಕೊಂಡೆ. “ಬರುವ ವರ್ಷವೂ ಈ ವೇಷ ನೀವೇ ಮಾಡಬೇಕು. ನಾನು ಬಂದಿರುತ್ತೇನೆ” ಎಂದು ಹೇಳಿ ಬಂದೆ.